ಜವಾಬು ಬಾರದ ಸಾಲು

ಹುಮನಾಬಾದ, 2006

ಸ್ವಪ್ನಿಲ ಅವರಿಗೆ ರತ್ನಮಾಲಾಳ ಜೈಭೀಮ.

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪೂ ಬಹಳ. ನಾಲ್ಕನೇ ಇಯತ್ತೆಯ ಓದು ಇಷ್ಟಕ್ಕೇ ಸಾಲುತ್ತದೆ, ಕ್ಷಮಿಸಿ ಓದಿ. ಕುವೈತಿನ ನಿಮ್ಮ ಕೋಣೆಗೆ ಹಾಕಿದ ಪತ್ರ ವಾಪಸ್ ಬಂದಿದೆ. ಇದನ್ನು ಎಲ್ಲಿಗೆ ಹಾಕಬೇಕೋ ತಿಳಿಯದೆಯೇ ಬರೆಯುತ್ತಿದ್ದೇನೆ.

ಮಾಣಿಕಪ್ಪನವರ ಇಂಟರ್ನೆಟ್ ಅಂಗಡಿಗೆ ಕಸ ಹೊಡೆಯಲು ಬಂದವಳು ನಾನು. ಅಲ್ಲಿ ಮಷೀನುಗಳನ್ನು ನೋಡಿಕೊಳ್ಳುತ್ತಿದ್ದ ನೀವು, ಬಸವಕಲ್ಯಾಣದಲ್ಲಿ ಕಲಿತದ್ದನ್ನೆಲ್ಲ ಇಂಗ್ಲಿಷ್ ಅಕ್ಷರದಿಂದ ಹಿಡಿದು ನನಗೆ ಕಲಿಸಿದಿರಿ. ಉಳಿದೆಲ್ಲ ಮಷೀನುಗಳ ಮಾತು ಬಾಗಿಲ ಬಳಿಯ ಮಷೀನಿನ ಮೂಲಕವೇ ಹೊರಗೆ ಹೋಗಬೇಕು. ಅದನ್ನು ತೋರಿಸಿ ಹೇಳಿದ್ದಿರಿ: “ಇದರ ಒಳಗ ಕರ್ನಲ್ ಅಂತ ಒಬ್ಬ ಯಜಮಾನ ಕುಂತಾನ, ರತ್ನಾ. ಯಾವ ಮಾತು ಎಲ್ಲಿಂದ ಎಲ್ಲಿಗೆ ಹೊಂಟದ, ವಾಪಸ್ ಜವಾಬ್ ಬಂತೋ ಇಲ್ಲೋ, ಎಲ್ಲಾ ನೆನಪಿಡ್ತಾನ. ಮಷೀನ್ ಬಂದ್ ಆದ್ರ ಮಾತ್ರ ಎಲ್ಲಾ ಮರೀತಾನ.” ಒಂದು ಆಜ್ಞೆ ಒತ್ತಿದರೆ ಆ ನೆನಪು ಪರದೆಯ ಮೇಲೆ ಸಾಲುಸಾಲಾಗಿ ಇಳಿಯುತ್ತಿತ್ತು.

ನೀವು ಕುವೈತಿಗೆ ಹೋದ ಮೇಲೆ ನಿಮ್ಮವ್ವ ಸೋನುಬಾಯಿ ವಾರವಾರವೂ ಘಾಟಬೋರಾಳದಿಂದ ಅಂಗಡಿಗೆ ಬಂದು ಮೂಲೆಯ ಮಷೀನಿನ ಮುಂದೆ ಕೂರುತ್ತಿದ್ದರು. ಅವರು ಹೇಳಿದ್ದನ್ನು ನಾನು ಒತ್ತುತ್ತಿದ್ದೆ, ನೀವು ನಿಮ್ಮ ಕೋಣೆಯ ಕಂಪ್ಯೂಟರಿನಿಂದ ಬರೆದದ್ದನ್ನು ಓದಿ ಹೇಳುತ್ತಿದ್ದೆ. ಅವರ ಎಷ್ಟೋ ಮಾತು ಕಳಿಸಿದೆ. ನನ್ನದೊಂದನ್ನೂ ಕಳಿಸಲಿಲ್ಲ.

ನೀವು ಕೊನೆಯ ಸಲ ಬರೆದ ಅಮಾವಾಸ್ಯೆಯಂದು ಇಲ್ಲಿ ಏನಾಯಿತೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಪ್ರತಿ ಅಮಾವಾಸ್ಯೆಗೆ ಮಾಣಿಕಪ್ಪನವರು ಬಾಗಿಲ ಮಷೀನು ನಿಲ್ಲಿಸಿ, ವಿಭೂತಿ ಹಚ್ಚಿ ಕಾಯಿ ಒಡೆಯುವುದು ನಿಮಗೆ ತಿಳಿದದ್ದೇ. ದುಡಿಯುವ ಮಷೀನು ಪೂಜೆಯ ಹೊತ್ತಿನಲ್ಲಾದರೂ ದಣಿವಾರಿಸಿಕೊಳ್ಳಬೇಕು ಎನ್ನುತ್ತಿದ್ದರು. ಅಂದು ನೀವು “ಅವ್ವಾ, ಇಲ್ಲಿ ಭಾಳ ತ್ರಾಸ ಆಗ್ಯದ, ನಾ ಈಗ” ಎಂದು ಬರೆದಿರಿ. ಅದನ್ನು ಓದಿ ಹೇಳುತ್ತಿದ್ದಂತೆಯೇ, ಮೂಲೆಯಲ್ಲಿದ್ದ ನಮ್ಮನ್ನು ನೋಡದೆ ಮಾಣಿಕಪ್ಪನವರು ಬಾಗಿಲ ಮಷೀನಿನ ಸ್ವಿಚ್ಚು ಆರಿಸಿದರು. ಮತ್ತೆ ಹಚ್ಚಿದಾಗ ಕರ್ನಲ್‌ಗೆ ನಿಮ್ಮ ನೆನಪೇ ಇರಲಿಲ್ಲ. ನೀವೂ ಮತ್ತೆ ಪರದೆಯ ಮೇಲೆ ಬರಲಿಲ್ಲ.

“ಕಾಯಿ ಒಡಿಯೂದ್ರಾಗ ನನ್ನ ಮಗನ ಮಾತ ಕಡದ್ರಿ, ಸಾವ್ಕಾರ್ರ” ಎಂದರು ನಿಮ್ಮವ್ವ. ಅಂದಿನಿಂದ ಪೂಜೆ ನಡೆಯುವಾಗಲೂ ಆ ಮಷೀನು ಓಡುತ್ತಲೇ ಇರುತ್ತದೆ.

ನಿಮ್ಮ ಕೋಣೆಯ ಕಂಪ್ಯೂಟರಿನ ಸಂಖ್ಯೆ ನನ್ನ ಬಳಿ ಇದೆ. ನಿಮ್ಮವ್ವ ಈಗ ದಿನವೂ ಬಂದು, ಅದಕ್ಕೊಂದು ಕೂಗು ಕಳಿಸು ಎನ್ನುತ್ತಾರೆ. ಆ ಕಂಪ್ಯೂಟರು ಇದೆಯೋ ಇಲ್ಲವೋ ಎಂದಷ್ಟೇ ಕೇಳುವ ಕೂಗು ಅದು, ಕಳಿಸುತ್ತೇನೆ. ಇಲ್ಲಿಂದ ಹೋಯಿತು, ಜವಾಬು ಬಂದಿಲ್ಲ ಎಂಬ ಗುರುತಿನ ಸಾಲು ಪರದೆಯ ಮೇಲೆ ಕಾಣುತ್ತದೆ. ಸ್ವಲ್ಪ ಹೊತ್ತು ಕಾದು ಕರ್ನಲ್ ಅದನ್ನು ಅಳಿಸಿಬಿಡುತ್ತದೆ. ಕುವೈತಿನಿಂದ ಮರಳಿದ ಬೇಮಳಖೇಡದ ಹಣಮಂತ, ಆ ಕೋಣೆಯಲ್ಲಿ ಬೇರೆಯವರಿದ್ದಾರೆ, ನಿಮ್ಮ ಪೆಟ್ಟಿಗೆ ಹೊರಗೆ ಬಿದ್ದಿತ್ತು, ನೀವು ಎಲ್ಲಿಗೆ ಹೋದಿರೆಂದು ಯಾರಿಗೂ ತಿಳಿಯದು ಎಂದ. ನಿಮ್ಮವ್ವನ ಎದುರಿಗೇ ಹೇಳಿದ. ಆದರೂ ಬರುತ್ತಾರೆ. ನಿನ್ನೆ ಸಾಲು ಅಳಿದಾಗ ಕೇಳಿದರು: “ಇಷ್ಟ ಲಗೂ ಯಾಕ ಅಳಸ್ತಾನವಾ ಇವ? ಇವಗ ಮಕ್ಕಳು ಮರಿ ಇಲ್ಲೇನು?”

ಕರ್ನಲ್‌ನ ನೆನಪಿನೊಳಗೆ ಜಾಗ ಕಡಿಮೆ, ಜವಾಬು ಕೊಡದವರು ಕೊಡುವವರಿಗೆ ಜಾಗ ಬಿಡಬೇಕು ಎಂದು ನನಗೆ ಹೇಳಲಾಗಲಿಲ್ಲ.

ಇಂದು ಮುಂಜಾನೆ ಅಂಗಡಿ ತೆರೆದು, ಕಸ ಹೊಡೆಯುವ ಮೊದಲೇ, ಕರ್ನಲ್ ಜವಾಬಿಗಾಗಿ ಕಾಯುವ ಅವಧಿಯನ್ನು ಸಂಜೆಯವರೆಗೆ ಹಿಗ್ಗಿಸಿ ನಿಮ್ಮ ಸಂಖ್ಯೆಗೆ ಒಂದು ಕೂಗು ಕಳಿಸಿದೆ. ನೀವು ಬರುವಿರಿ ಎಂದಲ್ಲ. ನಿಮ್ಮವ್ವ ಊರಿನ ಬಸ್ಸು ಹತ್ತುವವರೆಗಾದರೂ ಆ ಸಾಲು ಅಲ್ಲೇ ಇರಲಿ ಎಂದು.

ಎಲ್ಲಿದ್ದರೂ ನಿಮ್ಮ ತಲೆಯ ಮೇಲೆ ನೆರಳಿರಲಿ.

ನಿಮ್ಮಿಂದ ಕಲಿತವಳು,
ರತ್ನಮಾಲಾ