ಕಡಲ ನೀರಿನ ಬಾಟಲಿ

ಮೂಡುಬಿದಿರೆ,
12 ನವೆಂಬರ್ 2024, ಮಂಗಳವಾರ

ಪ್ರೀತಿಯ ಶಶೀ,

ಸೊಂಟನೋವು ಹೇಗಿದೆ? ಮಸ್ಕತ್ತಿನ ಆಸ್ಪತ್ರೆಯಲ್ಲಿ ದಿನವಿಡೀ ನಿಂತೇ ಇರುವ ನರ್ಸಿಗೆ ವಿಶ್ರಾಂತಿ ತೆಗೆದುಕೋ ಎನ್ನಲು ನನಗೇ ನಾಚಿಕೆ. ಆದರೂ ಎಣ್ಣೆ ಹಚ್ಚಿಕೋ. ಬೆಳ್ತಂಗಡಿ ಬಸ್ಸು ಓಡಿಸಿ ಓಡಿಸಿ ನನ್ನ ಹೆಗಲೂ ಬಿದ್ದುಹೋಗಿದೆ. ಬಸ್ಸಿಗಾದರೂ ಆಗಾಗ ಸರ್ವಿಸ್ ಮಾಡಿಸುತ್ತಾರೆ, ಡ್ರೈವರನನ್ನು ಕೇಳುವವರಿಲ್ಲ. ಫೋನ್ ಮಾಡಿದರೆ ಮಗಳು ಪಕ್ಕದಲ್ಲೇ ಇರುತ್ತಾಳೆ, ಅದಕ್ಕೇ ಈ ಕಾಗದ. ನಾಳೆ ಮಸ್ಕತ್ತಿಗೆ ಹೊರಡುವ ಇಮ್ತಿಯಾಝ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಭಾನುವಾರ ಸಸಿಹಿತ್ಲು ಕಡಲತೀರದಲ್ಲಿ ನಮ್ಮ ಪ್ರಾಪ್ತಿಯ ಸರ್ಫಿಂಗ್ ತಂಡದ ಆಯ್ಕೆ ಇತ್ತಲ್ಲ. ಹೋದ ವರ್ಷ ಕೊಳಕು ನೀರು ಹೊಕ್ಕು ಅವಳ ಕಿವಿಯಲ್ಲಿ ಕೀವಾದ ಮೇಲೆ ನೀನೊಂದು ಕಟ್ಟಳೆ ಹಾಕಿದ್ದೆ: ಗಾಳಿ, ಅಲೆ ಫೋನಿನಲ್ಲಿ ನೋಡಬೇಕು, ನೀರಿನ ಸೆಳೆತ ಹೇಗಿದೆಯೆಂದು ಅಲ್ಲಿಯ ಮೀನುಗಾರ ಮೂಸಾರನ್ನು ಕೇಳಬೇಕು, ಮೂರು ದಿನ ಮೊದಲೇ ಕಡಲ ನೀರನ್ನು ಬಾಟಲಿಯಲ್ಲಿ ತಂದು ಪರೀಕ್ಷೆಗೆ ಕೊಡಬೇಕು. ಗಾಳಿ ಸರಿಯಿತ್ತು. ಮೂಸಾ, ‘ಸೆಳೆತ ಇಲ್ಲ ಮಾರಾಯ್ರೆ, ನೀರು ಕನ್ನಡಿಯ ಹಾಗೆ ಉಂಟು’ ಎಂದರು. ಆದರೆ ಶನಿವಾರ ಸಂಜೆ ಬಂದ ವರದಿಯಲ್ಲಿ ರೋಗಾಣು ಮಿತಿಮೀರಿತ್ತು. ನೀನೂ ಫೋನಿನಲ್ಲಿ ಅವಳು ಇಳಿಯುವುದು ಬೇಡ ಎಂದೆ. ‘ಮೂಸಾ ಕಾಕ ನಿತ್ಯ ಅದೇ ನೀರಿನಲ್ಲಿ ಇರ್ತಾರೆ ಅಪ್ಪಾ, ಅವರಿಗೆ ಎಂಥ ಆಗಿದೆ?’ ಎಂದು ಪ್ರಾಪ್ತಿ ಒಂದೇ ಸಲ ಕೇಳಿದಳು. ಆಮೇಲೆ ಸರ್ಫಿಂಗ್ ಹಲಗೆಗೆ ಹಳೆಯ ಬೆಡ್‌ಶೀಟ್ ಸುತ್ತಿ ಮಂಚದಡಿಗೆ ತಳ್ಳಿದಳು. ಉಳಿದ ಹುಡುಗಿಯರೆಲ್ಲ ಇಳಿದರಂತೆ, ಯಾರಿಗೂ ಏನೂ ಆಗಿಲ್ಲ. ಬರುವ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ, ಈ ವಯಸ್ಸಿನವರ ಗುಂಪಿನಲ್ಲಿ ಇನ್ನು ಅವಕಾಶವಿಲ್ಲ. ಅತ್ತಿದ್ದರೂ ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಊಟಕ್ಕೆ ಕೂತಾಗ ‘ಅಮ್ಮ ಹೇಳಿದ್ದು ಸರಿ, ನೀವು ಬೇಜಾರು ಮಾಡ್ಬೇಡಿ’ ಎಂದು ನನಗೇ ಸಮಾಧಾನ ಹೇಳುತ್ತಾಳೆ.

ಹೊತ್ತು ಹೊತ್ತಿಗೆ ಉಣ್ಣು. ದೇವರು ನಿನ್ನನ್ನು ಕಾಯಲಿ.

ನಿನ್ನ
ನಿತ್ಯಾನಂದ

ತಾ.ಕ.: ಇಮ್ತಿಯಾಝ್ ಕಾಗದ ಒಯ್ಯಲು ಬಂದು ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದಾನೆ. ಗುರುವಾರ ಪರೀಕ್ಷೆಯ ನೀರು ತರಲು ನಾನು ಕಡಲಿಗೆ ಹೋಗಲೇ ಇಲ್ಲ, ಶಶೀ. ಎರಡು ಟ್ರಿಪ್ ಹೆಚ್ಚಿಗೆ ಓಡಿಸಿ ಕಣ್ಣು ತೆರೆಯಲಾಗುತ್ತಿರಲಿಲ್ಲ. ನಮ್ಮ ಬಾವಿಯ ನೀರನ್ನೇ ಬಾಟಲಿಗೆ ತುಂಬಿಸಿ, ಅನುಮಾನ ಬರಬಾರದೆಂದು ಒಂದು ಮುಷ್ಟಿ ಕಲ್ಲುಪ್ಪು ಹಾಕಿ ಕೊಟ್ಟೆ. ಹೇಗೂ ಒಳ್ಳೆಯ ವರದಿ ಬರುತ್ತದೆ ಎಂದುಕೊಂಡಿದ್ದೆ. ಭಾನುವಾರದಿಂದ ಬಾವಿಯ ನೀರನ್ನು ಕುದಿಸಿಯೇ ಕುಡಿಯುತ್ತಿದ್ದೇವೆ. ಯಾಕೆಂದು ಪ್ರಾಪ್ತಿ ಕೇಳಿದಳು. ನಿನಗೆ ಬರೆಯಲು ಎರಡು ದಿನ ಬೇಕಾಯಿತು, ಅವಳಿಗೆ ಹೇಳಲು ಎಷ್ಟು ದಿನ ಬೇಕೋ.