ಹತ್ತೊಂಬತ್ತರಲ್ಲಿ ನಾಲ್ಕು

ಜೂನ್ 6, 2024, ಗುರುವಾರ

ಸ್ಕೂಟರ್ ಮತ್ತೆ ಸ್ಟಾರ್ಟ್ ಆಗಲಿಲ್ಲ. ಮಾವಳ್ಳಿಯಿಂದ ನಡೆದೇ ಹೋದೆ, ವೀಣೆ ಪಾಠಕ್ಕೆ. ಹದಿನೇಳು ವರ್ಷದಿಂದ ಗುರುವಾರ ಬೆಳಗ್ಗೆ ಎಂದರೆ ಗಾಂಧಿ ಬಜಾರ್ ಹಿಂದಿನ ಆ ಮನೆ, ಆಂಡಾಳ್ ಟೀಚರ್, ಚಾಪೆ, ಒಂದು ಲೋಟ ಕಾಫಿ. ಬೆರಳು ಓಡಲಿಲ್ಲ. ಕೀಬೋರ್ಡ್ ಕುಟ್ಟಿ ಕುಟ್ಟಿ ಗುಮಾಸ್ತರ ಬೆರಳಾಗಿದೆ ಎಂದರು. ನಿಜವೇ.

ಪಾಠ ಮುಗಿದ ಮೇಲೆ ಕೆಲಸದ ಮಾತು. ಅವರ ಯಜಮಾನರು ವಿದ್ವಾನ್ ರಾಮಾನುಜ ಅಯ್ಯಂಗಾರ್, ಹಾಡುಗಾರರು, ತೀರಿಕೊಂಡು ಎಂಟು ವರ್ಷ. ಅವರ ಮೂವತ್ತೊಂದು ಕೃತಿಗಳ ನೋಟ್‌ಬುಕ್ ಪೂರ್ತಿ ಸ್ಕ್ಯಾನ್ ಆಯಿತು. ನಾನೂ ವಸಿಷ್ಠನೂ ಎರಡು ವರ್ಷ ಕೂತು ಕಟ್ಟಿದ ರಿಜಿಸ್ಟರ್‌ನಲ್ಲಿ ಇವೇ ಮೊದಲ ದಾಖಲೆ. ಬ್ಲಾಕ್‌ಚೈನ್ — ಹಾಡಿನ ಜೊತೆ ರಚಿಸಿದವರ ಹೆಸರು ಸಾವಿರಾರು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಕೂರುತ್ತದೆ. ಯಾರೂ ಕದಿಯುವಂತಿಲ್ಲ, ಯಾರೂ ತಿದ್ದುವಂತಿಲ್ಲ.

ಎಲ್ಲಾ ಸರ್ ಮಾಡಿದ್ದೇ ತಾನೆ ಎಂದು ಕೇಳಿದೆ. ಫಾರ್ಮಿನಲ್ಲಿ ಅದಕ್ಕೊಂದು ಟಿಕ್ ಇದೆ. ಟೀಚರ್ ವೀಣೆಗೆ ಹೊದಿಕೆ ಹಾಕುತ್ತಿದ್ದರು.

"ಪುಸ್ತಕದಲ್ಲಿ ಹಾಗೇ ಇದೆಯಲ್ಲಮ್ಮ," ಎಂದರು.

ಅಕ್ಷರ ಸರ್ ಅವರದೇ. ಪ್ರತಿ ಹಾಡಿನ ಕೊನೆಯಲ್ಲಿ 'ಯದುಶೈಲಪತಿ' ಎಂಬ ಅವರ ಅಂಕಿತವೂ ಇದೆ, ರುಜು ಹಾಕಿದ ಹಾಗೆ. ಇನ್ನೇನು ಬೇಕು. ಟಿಕ್ ಮಾಡಿದೆ.

ಜೂನ್ 9, ಭಾನುವಾರ

ಲಾಂಚ್ ಆಯಿತು. ಮಲ್ಲೇಶ್ವರದ ಹಾಲ್, ಎಂಬತ್ತು ಜನ, ಖಾರಾಬಾತ್-ಕೇಸರಿಬಾತ್. ಅಪ್ಪ ಸುಲ್ತಾನ್‌ಪೇಟೆ ಅಂಗಡಿಗೆ ಬೀಗ ಹಾಕಿ ಬಂದಿದ್ದರು, ಇಸ್ತ್ರಿ ಶರ್ಟಿನಲ್ಲಿ. ಪ್ರಳಯ ಆದರೂ ಈ ಹೆಸರು ಅಳಿಸಿಹೋಗುವುದಿಲ್ಲ ಎಂದು ಸ್ಟೇಜ್ ಮೇಲೆ ಹೇಳಿದೆ. ಭಾರಿ ಚಪ್ಪಾಳೆ. ಟೀಚರ್ ಮುಂದಿನ ಸಾಲಿನಲ್ಲಿದ್ದರು. ಅವರೂ ತಟ್ಟಿದರು.

ಇಳಿಯುವಾಗ ಮೆಟ್ಟಿಲ ಹತ್ತಿರ ಕೈ ಹಿಡಿದರು. ನಿಜವಾಗಲೂ ಅಳಿಸಲಿಕ್ಕೆ ಆಗುವುದಿಲ್ಲವಾ ಎಂದು ಕೇಳಿದರು. ಇಲ್ಲ ಟೀಚರ್, ಅದೇ ಇದರ ಹೆಚ್ಚುಗಾರಿಕೆ ಎಂದೆ. ಹಲ್ಲು ಕಿರಿದೇ ಹೇಳಿದೆ. ಅವರು ಕಾಫಿ ಕುಡಿಯದೆ ಆಟೋ ಹತ್ತಿದರು.

ಜೂನ್ 13, ಗುರುವಾರ

ಇದನ್ನು ಹೇಗೆ ಬರೆಯಲಿ. ಹೇಳಿದ್ದು ಹೇಳಿದ ಹಾಗೆ ಬರೆಯುತ್ತೇನೆ.

ಇವತ್ತು ಟೀಚರ್ ವೀಣೆ ತೆಗೆಯಲಿಲ್ಲ. "ಮೂವತ್ತೊಂದರಲ್ಲಿ ಹತ್ತೊಂಬತ್ತು ನಂದು ಕಣೆ," ಎಂದರು. ಸೊಪ್ಪು ಬಿಡಿಸುತ್ತಲೇ ಇದ್ದರು.

ಮದುವೆಯಾದ ಹೊಸತು. ಸರ್‌ಗೆ ಒಂದು ಕಚೇರಿಗೆ ಹೊಸ ಕೃತಿ ಬೇಕಿತ್ತಂತೆ. ಇವರು ವೀಣೆ ನುಡಿಸುತ್ತಲೇ ಒಂದು ಕಟ್ಟಿಕೊಟ್ಟರು. ಸರ್ ಅಕ್ಷರ ಚೆಂದ, ಅವರೇ ಬರೆದುಕೊಂಡರು, ಅವರ ಅಂಕಿತವೇ ಕೂತಿತು. ಕೇಳಿ ಕಿತ್ತುಕೊಂಡಿದ್ದಲ್ಲ. ಆಮೇಲೆ ರೂಢಿಯಾಯಿತು. ಹೊರಗೆ ಯಾರಿಗೂ ಗೊತ್ತಿಲ್ಲ.

ಮೊನ್ನೆ ಕೇಳಿದಾಗ ಯಾಕೆ ಹೇಳಲಿಲ್ಲ ಎಂದೆ. ದನಿ ಜೋರಾಯಿತು, ತಪ್ಪು ನನ್ನದೇ ಇದ್ದಾಗ ಹಾಗಾಗುತ್ತದೆ.

"ಪುಸ್ತಕ ಅಂದ್ರೆ ಎಂದಾದ್ರೂ ಹರಿದು ಹೋಗತ್ತೆ ಅಂತ ಒಂದು ಧೈರ್ಯ ಇತ್ತು," ಎಂದರು. "ನೀನು ಅದನ್ನೂ ತೆಗೆದುಬಿಟ್ಟೆ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 14, ಶುಕ್ರವಾರ

ಚಾಮರಾಜಪೇಟೆ ಆಫೀಸ್. ಆಫೀಸ್ ಎಂದರೆ ಹಿಟ್ಟಿನ ಗಿರಣಿ ಮೇಲಿನ ಒಂದು ರೂಮು. ಅಳಿಸಲು ದಾರಿ ಹುಡುಕು ಎಂದು ವಸಿಷ್ಠನಿಗೆ ಹೇಳಿದೆ. ನನ್ನನ್ನೇ ನೋಡಿದ.

"ಅಳಿಸೋ ಬಟನ್ ಬೇಡ ಅಂತ ಜಗಳ ಆಡಿದ್ದು ನೀನೇ ಗುರು."

ಹೌದು, ನಾನೇ. ಆಗುವುದು ಒಂದೇ. ಹಳೆಯದರ ಮೇಲೆ ತಿದ್ದುಪಡಿ ಸೇರಿಸುವುದು. ಅದಕ್ಕೂ ರಚಿಸಿದವರು ಒಂದೊಂದು ಹಾಡಿಗೂ 'ಇದು ನನ್ನದು' ಎಂದು ಸ್ವಂತ ಧ್ವನಿಯಲ್ಲಿ ಹೇಳಿರಬೇಕು. ಆ ರೂಲೂ ನನ್ನದೇ. ಬುದ್ಧಿವಂತೆ.

ಸಂಜೆ ಅಪ್ಪನ ಅಂಗಡಿಗೆ ಹೋದೆ. ಮೂವತ್ತೈದು ವರ್ಷದಿಂದ ಮದುವೆ ಕಾರ್ಡ್ ಮಾಡುವವರು. ಹೆಸರು ತಪ್ಪಾದರೆ ಏನು ಮಾಡುತ್ತೀರಿ ಎಂದೆ. ಸರಿ ಹೆಸರಿನ ಸ್ಟಿಕ್ಕರ್ ಮಾಡಿ ಮೇಲೆ ಅಂಟಿಸುತ್ತಾರಂತೆ.

"ಆದ್ರೆ ಒಂದ್ ತಿಳ್ಕೋ ತೇಜು. ಕಾರ್ಡ್ ಕೈಗೆ ಬಂದ್ ತಕ್ಷಣ ಜನ ಮೊದ್ಲು ಆ ಸ್ಟಿಕ್ಕರ್‌ನೇ ಕಿತ್ತು ನೋಡ್ತಾರೆ."

ಜೂನ್ 20, ಗುರುವಾರ

ಪಟ್ಟಿ ಬರೆದುಕೊಡಿ, ಧ್ವನಿ ಕೊಡಿ, ನಾಳೆಯೇ ಹಾಕುತ್ತೇನೆ ಎಂದೆ. ಟೀಚರ್ ಒಪ್ಪಲಿಲ್ಲ.

"ಪಟ್ಟಿ ಮಾಡಿದ್ರೆ ಅವರ ಮೇಲೆ ದೂರು ಬರೆದ ಹಾಗಾಗತ್ತೆ. ವಾರಕ್ಕೊಂದು ನುಡಿಸ್ತೀನಿ, ಕಲಿತ್ಕೋ. ಹತ್ತೊಂಬತ್ತೂ ನಿನ್ನ ಕೈಗೆ ಬಂದ ಮೇಲೆ ಧ್ವನಿ ಕೊಡ್ತೀನಿ."

ಅಂದರೆ ಅಕ್ಟೋಬರ್ 24. ಆಗಲಿ. ಇವತ್ತು ಸಹಾನ ರಾಗದ್ದು. ನುಡಿಸುವಾಗ ಒಂದು ಕಡೆ ನಿಲ್ಲಿಸಿ, ಇಲ್ಲಿ ಹಾಲು ಉಕ್ಕಿತ್ತು, ಎದ್ದು ಹೋಗಿದ್ದೆ, ಅದಕ್ಕೇ ಈ ಸಾಲು ಗಿಡ್ಡ ಎಂದರು. ಸುಮ್ಮನೆ ಅತ್ತುಬಿಟ್ಟೆ.

ಜುಲೈ 4, ಗುರುವಾರ

ಹೋದ ವಾರ ಬೇಗಡೆ. ಇವತ್ತು ಮುಖಾರಿ. ಮೂರು ಆಯಿತು.

ಒಂದು ವಿಷಯ ಹೊಳೆಯಿತು. ಈ ಮೂರೂ ಹಾಡುವವರಿಗೆ ಕಷ್ಟ, ನಡುವೆ ಉಸಿರು ಸಾಲುವುದಿಲ್ಲ. ವೀಣೆ ಮೇಲೆ ಹುಟ್ಟಿದ್ದಲ್ಲವೇ, ವೀಣೆಗೆಲ್ಲಿ ಉಸಿರು. ಮನೆಗೆ ಬಂದು ಉಳಿದ ಇಪ್ಪತ್ತೆಂಟನ್ನೂ ಹಾಡಿ ನೋಡಿದೆ. ಹದಿನಾರರಲ್ಲಿ ಉಸಿರು ಸಾಲಲಿಲ್ಲ. ಮೂರೂ ಹದಿನಾರೂ ಹತ್ತೊಂಬತ್ತು! ಹುಚ್ಚು ಖುಷಿ.

ಜುಲೈ 11, ಗುರುವಾರ

ಇವತ್ತು ಹುಸೇನಿ. ಮಕ್ಕಳೂ ಹಾಡಬಹುದು, ಉಸಿರಿನ ಸಮಸ್ಯೆಯೇ ಇಲ್ಲ. ನನ್ನ ಹದಿನಾರರಲ್ಲಿ ಇದು ಇರಲೇ ಇಲ್ಲ. ಲೆಕ್ಕ ನೀರಿಗೆ ಬಿತ್ತು. ಬಹುಶಃ ಇದು, ಬಹುಶಃ ಅದು ಎನ್ನಬಹುದು ಅಷ್ಟೆ. ನಮ್ಮ ರಿಜಿಸ್ಟರ್‌ನಲ್ಲಿ 'ಬಹುಶಃ'ಗೆ ಕಾಲಂ ಇಲ್ಲ.

ವಾರಕ್ಕೆ ಎರಡು ಮಾಡೋಣವಾ ಎಂದು ಗೋಗರೆದೆ. ಅವಸರ ಏನಿದೆ ಎಂದರು. ಮುಂದಿನ ವಾರ ನನಗಿಷ್ಟವಾದದ್ದು ನುಡಿಸ್ತೀನಿ, ತಪ್ಪಿಸಬೇಡ ಎಂದೂ ಹೇಳಿದರು.

ಜುಲೈ 26, ಶುಕ್ರವಾರ

ಎರಡು ಗುರುವಾರ ತಪ್ಪಿಸಿದೆ. ಮೊದಲನೆಯದು ಮುಂಬೈಯಲ್ಲಿ ರಿಜಿಸ್ಟರ್ ಡೆಮೊ. ನಿನ್ನೆಯದಕ್ಕೆ ಕಾರಣವೇ ಇಲ್ಲ — ಬೆಳಗ್ಗೆ ಬಂದಿಳಿದೆ, ಮಲಗಿಬಿಟ್ಟೆ. ಫೋನ್ ಮಾಡಿದೆ. ಪರವಾಗಿಲ್ಲ, ವೀಣೆ ಶ್ರುತಿ ಮಾಡಿ ಕಾದಿದ್ದೆ ಅಷ್ಟೆ ಎಂದರು.

ಜುಲೈ 30, ಮಂಗಳವಾರ, ಮಧ್ಯಾಹ್ನ

ಟೀಚರ್ ತಂಗಿಯ ಮಗಳು ಆರಾಧನಾ ಫೋನ್ ಮಾಡಿದ್ದಳು. ಭಾನುವಾರ ಸ್ನಾನದ ಮನೆಯಲ್ಲಿ ಬಿದ್ದರಂತೆ. ಸ್ಟ್ರೋಕ್. ಬಲಗೈಗೆ ಸ್ವಾಧೀನ ಇಲ್ಲ. ಮಾತಿಲ್ಲ.

ಆಗಸ್ಟ್ 4, ಭಾನುವಾರ

ಮನೆಗೆ ಕರೆತಂದಿದ್ದಾರೆ. ಆರಾಧನಾ ಗಂಜಿ ಕುಡಿಸುತ್ತಿದ್ದಳು. ನೋಟ್‌ಬುಕ್ ತೆಗೆದುಕೊಂಡು ಹೋಗಿದ್ದೆ, ನಾಚಿಕೆ ಬಿಟ್ಟು. ಒಂದೊಂದೇ ಹೆಸರು ಓದುತ್ತೇನೆ, ನಿಮ್ಮದಾದರೆ ತಲೆ ಆಡಿಸಿ ಟೀಚರ್ ಎಂದೆ. ಆಡಿಸಿದರು.

ಮೊದಲನೆಯದಕ್ಕೆ ತಲೆ ಆಡಿಸಿದರು, ಹೌದು ಎಂದು. ಎರಡನೆಯದಕ್ಕೂ ಹೌದು. ಹನ್ನೊಂದರವರೆಗೂ ಹೌದು. ಮೂವತ್ತೊಂದಕ್ಕೂ ಹೌದು. ಕೊನೆಗೆ ಪರೀಕ್ಷೆಗೆಂದು, ಮಕ್ಕಳು ಮೊದಲ ಪಾಠದಲ್ಲಿ ಕಲಿಯುವ ಸರಳೆವರಸೆಯ ಹೆಸರು ಹೇಳಿದೆ. ಅದಕ್ಕೂ ತಲೆ ಆಡಿಸಿದರು, ಅಷ್ಟೇ ಮೆಲ್ಲಗೆ. ಆರಾಧನಾ ನನ್ನ ಕೈಯಿಂದ ಪುಸ್ತಕ ತೆಗೆದು ಮುಚ್ಚಿಟ್ಟಳು.

ವೀಣೆ ಗೋಡೆ ಪಕ್ಕದಲ್ಲೇ ಇತ್ತು. ಹೊದಿಕೆ ಹಾಕಿರಲಿಲ್ಲ.

ಆಗಸ್ಟ್ 11, ಭಾನುವಾರ

ಹೇಗಾದರೂ ಮಾಡಿ ಟೀಚರ್ ಹೆಸರು ಅಂಟಿಸಬೇಕು ಎಂದು ಅಪ್ಪನಿಗೆ ಹೇಳಿದೆ. ಯಾವ ಕಾರ್ಡಿಗೆ ಎಂದು ಗೊತ್ತಿಲ್ಲದೆ ಸ್ಟಿಕ್ಕರ್ ಮಾಡಿ ಏನು ಪ್ರಯೋಜನ ಎಂದರು. ತಲೆ ಸವರಿದರು.

ರಿಜಿಸ್ಟರ್‌ಗೆ ಇನ್ನೂರು ಹೊಸ ಹಾಡು ಬಂದಿವೆ ಎಂದು ವಸಿಷ್ಠನ ಮೆಸೇಜ್. ಎಲ್ಲಕ್ಕೂ ಟಿಕ್ ಬಿದ್ದಿದೆಯಂತೆ.

ನಾನೇ ಕಟ್ಟಿದ ರಿಜಿಸ್ಟರ್‌ನಲ್ಲಿ ನನ್ನ ಮಾತಿಗೆ ಜಾಗವಿಲ್ಲ. ಈ ಡೈರಿಯಲ್ಲಿ ಇದೆ, ಹರಿದು ಹೋಗುವ ಕಾಗದವಾದರೂ. ಇಲ್ಲಾದರೂ ಬರೆದಿಡುತ್ತೇನೆ.

ಆಂಡಾಳ್ ಅವರ ರಚನೆಗಳು:

೧. ಸಹಾನ
೨. ಬೇಗಡೆ
೩. ಮುಖಾರಿ
೪. ಹುಸೇನಿ
೫. ಬಹುಶಃ