ಹತ್ತಿಯೆಂದು ಹೇಳಿದ ಸವಳು

ತಿರ್ಲಾಪುರ, ೧೨-೨-೧೯೮೯

ಕಟ್ಟೆಯ ಮೇಲಿನ ಮಹಾಜನರೇ, ಒಳಗೆ ರೊಟ್ಟಿ ಬಡಿಯುತ್ತಿರುವ ತಾಯಂದಿರೇ, ಸದ್ದಡಗಲಿ! ಕಾಕಾ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿರಿ.

ನಮ್ಮ ಸರ್ವೆ ಸಾಹೇಬರ ಬಳಿ ಉಪಗ್ರಹ ತೆಗೆದ ಚಿತ್ರವಿದೆ. ಅದರಲ್ಲಿ ಹಸಿರು ಬೆಳೆಯೆಲ್ಲ ರಕ್ತಗೆಂಪು! ಸವಳು ಹತ್ತಿ ಉಪ್ಪುಗಟ್ಟಿದ ಹೊಲಗಳನ್ನು ಗುರುತಿಸಿದರೆ ಅಲ್ಲಿ ಬಸಿಗಾಲುವೆ ತೋಡಿಸುತ್ತಾರಂತೆ. ಒಂದು ಬಿಳಿ ಕಲೆ ತೋರಿಸಿ, ಅದೇನೆಂದು ನೋಡಿ ಬರಲು ನನ್ನನ್ನು ಕಳಿಸಿದರು. ನಾನು ಬಿಸಿಲಿಗೆ ಅಂಜಿ ಅರ್ಧ ದಾರಿಯಿಂದಲೇ ತಿರುಗಿ ಬಂದು, ನಾಟಕದ ರಾಜಪಾರ್ಟಿನ ದನಿಯಲ್ಲಿ "ಅರಳಿದ ಹತ್ತಿರೀ ಸಾಹೇಬ್ರ!" ಎಂದು ಗರ್ಜಿಸಿದೆ. ಅವರು ಹಾಗೆಯೇ ಬರೆದುಕೊಂಡರು.

ಬಸಿಗಾಲುವೆಯ ಪಟ್ಟಿಯಲ್ಲಿ ತನ್ನ ಹೊಲವಿಲ್ಲವೆಂದು ತಿಳಿದು, ಆ ಬಿಳಿ ಕಲೆಯ ಹೊಲದ ಒಡತಿ ರೇವವ್ವ ಇಂದು ಚಾವಡಿಗೆ ಬಂದಳು. ಉಡಿಯಿಂದ ಬಿಳಿ ಮಣ್ಣು ತೆಗೆದು ನನ್ನ ಅಂಗೈಗೆ ಸುರಿದಳು.

"ನೆಕ್ಕಿ ನೋಡಪಾ ನಾಟಕದ ರಾಜಾ, ನಿನ್ನ ಹತ್ತಿ ಎಷ್ಟ ಉಪ್ಪೈತಿ!"

ನೆಕ್ಕಿದೆ. ಕಾಕಾ, ಬರೀ ಉಪ್ಪು! ಅವಳ ಮುಖ ನೋಡಲಾಗಲಿಲ್ಲ.

ಇಲ್ಲಿಯ ನೀರಿಗೆ ಕೆಟ್ಟಿದ್ದ ಹೊಟ್ಟೆ ಈಗ ನೆಟ್ಟಗಿದೆಯೆಂದು ಅವ್ವನಿಗೆ ತಿಳಿಸಿರಿ. ಕಾರ್ಡಿನಲ್ಲಿ ಜಾಗವಿಲ್ಲ. ಪಟ್ಟಿ ನಾಳೆ ಮಧ್ಯಾಹ್ನ ಧಾರವಾಡಕ್ಕೆ ಹೋಗುತ್ತದೆ. ಬೆಳಗ್ಗೆಯೇ ಚಾವಡಿಯಲ್ಲಿ ಎಲ್ಲರೆದುರು "ನಾ ಆ ಹೊಲಕ್ಕ ಹೋಗೇ ಇಲ್ರಿ" ಎಂದು ಒಪ್ಪಿಕೊಂಡು, ಸಾಹೇಬರನ್ನು ಅಲ್ಲಿಗೆ ಕರೆದೊಯ್ಯುತ್ತೇನೆ.

ನಿಮ್ಮ ಮಂಜಪ್ಪ